ಹರಳೆಣ್ಣೆಗೆ ನಾನು ಹಚ್ಚಿದ ತಿಳಿಹಸಿರು

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿಯೊಬ್ಬರು ಬಿಳಿ ಬಾಟಲಿಯೊಂದನ್ನು ತಂದು ಅಂಗಡಿಯ ಮೇಜಿನ ಮೇಲೆ ಕುಕ್ಕಿದರು.

"ಯಜಮಾನ್ರೇ, ಹರಳೆಣ್ಣೆ ಕೇಳಿದ್ರೆ ನೋವಿನೆಣ್ಣೆ ಕೊಟ್ಟಿದೀರಲ್ಲ! ಮನೆಗ್ ಹೋಗಿ ಮುಚ್ಚಳ ತೆಗ್ದೆ, ಘಮ್ ಅಂತ ಕರ್ಪೂರ. ನಾಳೆ ಬೆಳಿಗ್ಗೆ ಕಾಫಿಗೆ ಹಾಕ್ಕೊಂಡು ಕುಡ್ದಿದ್ರೆ ನನ್ ಕಥೆ ಏನು?"

"ಗಡಿಬಿಡೀಲಿ ಕೈತಪ್ಪಿದೆ, ಬೇಜಾರ್ ಮಾಡ್ಕೋಬೇಡಿ" ಎಂದು ಯಜಮಾನರು ಹಿಂದಿನ ಶೆಲ್ಫಿನಿಂದ ಬೇರೆ ಬಾಟಲಿ ತೆಗೆದು ಕೊಟ್ಟರು. ಅದೂ ನೋವಿನೆಣ್ಣೆಯೇ. ಪಕ್ಕದ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ವಿಡಿಯೋ ಎಡಿಟ್ ಮಾಡುತ್ತಿದ್ದ ನಾನು ಅದನ್ನು ನೋಡಿದೆ. ಗಿರಾಕಿಯೂ ನೋಡಿದರು.

"ಮತ್ತೆ ಅದನ್ನೇ ಕೊಡ್ತಿದೀರಲ್ರೀ!"

ನಾನೇ ಎದ್ದು ಸರಿಯಾದ ಬಾಟಲಿ ಕೊಟ್ಟು ಅವರನ್ನು ಕಳಿಸಿದೆ. ಆ ಎರಡೂ ಬಾಟಲಿಗಳ ಲೇಬಲ್ ಮಾಡಿದವಳು ನಾನು.

ಅದು ಬಳೇಪೇಟೆಯ ಒಂದು ಹಳೆಯ ಗ್ರಂಧಿಗೆ ಅಂಗಡಿ. ಬೇರು, ಕಾಯಿ, ಚೂರ್ಣ, ಪೂಜೆ ಸಾಮಾನು ಎಲ್ಲ ಸಿಗುತ್ತದೆ. ಯಜಮಾನರು ಎಪ್ಪತ್ತು ದಾಟಿದವರು. ಬೆಳಿಗ್ಗೆ ಹಣೆಗೆ ಹಚ್ಚಿದ ವಿಭೂತಿ ಸಂಜೆಯವರೆಗೂ ಅಳಿಸಿದ್ದನ್ನು ನಾನು ಕಂಡಿಲ್ಲ. ಅಂಗಡಿಯಲ್ಲೇ ಕಾಯಿಸಿ ತುಂಬುವ ಎಣ್ಣೆಗಳು ಎರಡು. ಒಂದು ಕುಡಿಯುವ ಹರಳೆಣ್ಣೆ, ಇನ್ನೊಂದು ಮೈಗೆ ಹಚ್ಚುವ ನೋವಿನೆಣ್ಣೆ. ಮೊದಲು ಹರಳೆಣ್ಣೆಗೆ ಬಿಳಿ ಚೀಟಿ, ನೋವಿನೆಣ್ಣೆಗೆ ಕಣ್ಣು ಕುಕ್ಕುವ ಕೆಂಪು ಚೀಟಿ ಇತ್ತು. ಆ ಕೆಂಪು ನೋಡಿದಾಗಲೆಲ್ಲ ನನಗೆ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು. ಡಿಸೈನನ್ನು ನನಗೆ ಯಾರೂ ಕಲಿಸಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ, ಚಾಮರಾಜಪೇಟೆ ಮತ್ತು ಬಸವನಗುಡಿಯ ಹಳೇ ಮನೆಗಳ ಗೋಡೆ, ಕಿಟಕಿಗಳ ಫೋಟೋ ತೆಗೆದು, ಬಣ್ಣ ಜೋಡಿಸಿ ಜೋಡಿಸಿ ಕಲಿತದ್ದು. ಅದರಲ್ಲೂ ತಿಳಿಹಸಿರೆಂದರೆ ನನಗೆ ಹುಚ್ಚು. ಹಳೇ ನಡುಮನೆಯ ಪಿಸ್ತಾ ಡಿಸ್ಟೆಂಪರ್, ಹೆರಿಗೆ ಆಸ್ಪತ್ರೆಯ ಪರದೆ, ಆಗತಾನೆ ಬಿಚ್ಚಿದ ಬಾಳೆಸುಳಿ. ತಿಳಿಹಸಿರು ಎಂದರೆ ಶಾಂತಿ, ಶುದ್ಧಿ, ನಂಬಿಕೆ ಎಂದು ಎಲ್ಲ ವಿಡಿಯೋಗಳೂ ಹೇಳುತ್ತಿದ್ದವು. ನಾನೂ ಯಜಮಾನರಿಗೆ ಅದನ್ನೇ ಒಪ್ಪಿಸಿ, ಒಂದು ತಿಂಗಳು ಕಾಡಿ, ಹೊಸ ಲೇಬಲ್ ಮಾಡುವ ಕೆಲಸ ಗಿಟ್ಟಿಸಿಕೊಂಡಿದ್ದೆ.

ಹರಳೆಣ್ಣೆಗೆ ತಿಳಿಹಸಿರು, ನೋವಿನೆಣ್ಣೆಗೆ ತಿಳಿನೀಲಿ. ಪ್ರಿಂಟಿನ ಲೆಕ್ಕದಲ್ಲಿ ಹೇಳುವುದಾದರೆ ಎರಡರಲ್ಲೂ ಸಯಾನ್ ಎಂಬ ನೀಲಿ ಶಾಯಿ ಶೇಕಡಾ ಇಪ್ಪತ್ತೆರಡು. ಹಸಿರಿನಲ್ಲಿ ಹಳದಿ ಇಪ್ಪತ್ತೈದು, ನೀಲಿಯಲ್ಲಿ ಹಳದಿ ಐದು. ಅಕ್ಕ ತಂಗಿಯರ ಹಾಗೆ ಕಾಣಬೇಕು ಎಂಬುದು ನನ್ನ ಆಸೆ. ಗಾಜಿನ ಬಾಟಲಿ ತೆಗೆಸಿ, ಒಳಗಿನ ಎಣ್ಣೆ ಕಾಣದ ಬಿಳಿ ಪ್ಲಾಸ್ಟಿಕ್ ಬಾಟಲಿ ತರಿಸಿದೆ. ಹೆಸರನ್ನು ಸಣ್ಣಗೆ, ಬೂದು ಬಣ್ಣದಲ್ಲಿ ಹಾಕಿದೆ. ಒಳಗೆ ಏನೇನಿದೆ ಎಂಬ ಉದ್ದದ ಪಟ್ಟಿ ಅಂದ ಕೆಡಿಸುತ್ತದೆಂದು ಅದನ್ನು ಕಿತ್ತು ಒಂದು ಕ್ಯೂಆರ್ ಕೋಡ್ ಇಟ್ಟೆ. ಆ ಶನಿವಾರ ಬೆಳಿಗ್ಗೆಯೇ ಹೊಸ ಬಾಟಲಿಗಳು ಶೆಲ್ಫಿಗೆ ಬಂದದ್ದು. ನಾನು ವಿಡಿಯೋ ಮಾಡುತ್ತಿದ್ದದ್ದೂ ಅದಕ್ಕೇ.

ಮೂರೂಕಾಲಿಗೆ ಎಣಿಸಲು ಕೂತೆವು. ಬೆಳಿಗ್ಗೆ ಎರಡೂ ಜಾತಿಯವು ಹನ್ನೆರಡು ಹನ್ನೆರಡು ಇದ್ದವು. ಹರಳೆಣ್ಣೆ ಕೇಳಿದವರು ಒಂಬತ್ತು ಜನ ಎಂದು ಯಜಮಾನರು ಬೆರಳು ಮಡಚಿ ಹೇಳಿದರು. ನೋವಿನೆಣ್ಣೆ ಒಯ್ದವರು ಇಬ್ಬರೇ. ಅವರಿಬ್ಬರೂ ಅಲ್ಲೇ ಮುಚ್ಚಳ ತೆಗೆದು ಮಂಡಿಗೆ ತಿಕ್ಕಿಕೊಂಡೇ ಹೋದವರು. ಹಾಗಿದ್ದರೆ ಹತ್ತು ನೋವಿನೆಣ್ಣೆ ಉಳಿದಿರಬೇಕು. ವಾಪಸು ಬಂದದ್ದನ್ನು ಬಿಟ್ಟರೆ ಉಳಿದದ್ದು ಐದು. ಒಂಬತ್ತು ಜನರಲ್ಲಿ ಐವರಿಗೆ ತಪ್ಪು ಬಾಟಲಿ ಹೋಗಿತ್ತು. ಒಂದು ವಾಪಸು ಬಂತು. ಇನ್ನು ನಾಲ್ಕು ಹೊರಗೆ.

"ಯಜಮಾನ್ರೇ, ಆ ಹಸಿರು ಬಾಟ್ಲಿ ಕೊಡಿ ಇಲ್ಲಿ" ಎಂದೆ.

ಅವರು ಕೈಚಾಚಿ ನೀಲಿ ತೆಗೆದರು.

"ಇದು ನೀಲಿ."

"ಬೆಳಕು ಕಮ್ಮಿ ಇದೆ ಕಣಮ್ಮ."

ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ನಾನು ತಲೆಯೆತ್ತಿ ಅದನ್ನೇ ನೋಡಿದೆ. ಅವರೇ ದನಿ ತಗ್ಗಿಸಿದರು. "ಪೊರೆ ಬಂದಿದೆ. ಕಣ್ಣು ಹೀಗಾಗಿ ಎರಡು ವರ್ಷ ಆಯ್ತು. ಮನೇಲಿ ಗೊತ್ತಿಲ್ಲ. ಗೊತ್ತಾದ್ರೆ ನಾಳೆಯಿಂದ್ಲೇ ಇಲ್ಲಿ ಕೂರಕ್ಕೆ ಬಿಡಲ್ಲ. ನೀನೂ ಬಾಯಿ ಬಿಡಬೇಡ."

ಆಯಿತು ಎಂದೆ. ಆ ಹೊತ್ತಿಗೆ ಮುಖ್ಯವಾದದ್ದು ಬೇರೆ ಇತ್ತು. ನಮ್ಮ ಕಡೆಯ ಹಳಬರು ಹರಳೆಣ್ಣೆ ಕುಡಿಯುವುದು ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬಿಸಿ ಕಾಫಿಗೆ ಬೆರೆಸಿ. ರಜೆಯ ದಿನವಾದರೆ ಮನೆಯಲ್ಲೇ ಇರಬಹುದು ಎಂಬ ಲೆಕ್ಕ. ಕಾಫಿಯ ಘಾಟಿನಲ್ಲಿ ಎಣ್ಣೆಯ ವಾಸನೆ ಮುಚ್ಚಿಹೋಗುತ್ತದೆ. ನೋವಿನೆಣ್ಣೆಯೂ ಹರಳೆಣ್ಣೆಯಲ್ಲೇ ಕಾಯಿಸಿದ್ದು, ಅದೇ ಮಂದ. ಅದರೊಳಗೆ ಹೊಟ್ಟೆಗೆ ಹೋದರೆ ವಿಷವಾಗುವ ಕರ್ಪೂರವಿತ್ತು.

ಆ ನಾಲ್ಕು ಬಾಟಲಿ ಯಾರ ಹತ್ತಿರವೋ ತಿಳಿಯದೆ, ಶನಿವಾರ ಸಂಜೆಯೊಳಗೆ ಉಳಿದ ಎಂಟೂ ಮನೆ ಹುಡುಕಬೇಕಿತ್ತು.

ಅಂಗಡಿಯ ಬಾಗಿಲೆಳೆದು ಯಜಮಾನರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಅವರಿಗೆ ಗಿರಾಕಿಗಳ ಹೆಸರು ಗೊತ್ತಿರುವುದು ಕಮ್ಮಿ. ಆದರೆ ಯಾರು ಏನು ಕೊಳ್ಳುತ್ತಾರೆ, ಯಾವ ಓಣಿಯವರು ಎಂಬುದು ಬಾಯಿಪಾಠ. "ಅಕ್ಕಿಪೇಟೆ ಅಶ್ವಗಂಧ, ಮೊದ್ಲು ಅಲ್ಲಿಗ್ ನಡಿ" ಎನ್ನುವರು. ಅಶ್ವಗಂಧದವರ ಬಾಟಲಿ ಹಸಿರು, ಸರಿಯಾಗಿತ್ತು. ಅಲ್ಲಿಂದ ಚಾಮರಾಜಪೇಟೆಗೆ, ಮನೆ ಮುಂದೆ ಮೊಗ್ಗು ಕಟ್ಟುತ್ತಾ ಕೂತಿದ್ದ ಹೂವಿನ ಅಜ್ಜಿಯ ಹತ್ತಿರ.

"ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಹುಡ್ಗಿ ಸ್ಕೂಟರ್ ಹತ್ತಿ ಊರ್ ಸುತ್ತಾಕ್ ಹೊಂಟಿದೀರಾ?"

"ತಮಾಷೆ ಆಮೇಲೆ. ಬೆಳಿಗ್ಗೆ ಕೊಟ್ಟ ಎಣ್ಣೆ ಎಲ್ಲಿ?"

ಅಜ್ಜಿ ಒಳಗಿನಿಂದ ತಂದುಕೊಟ್ಟ ಬಾಟಲಿ ನೀಲಿ. ಸದ್ಯ, ಮುಚ್ಚಳ ತೆಗೆದಿರಲಿಲ್ಲ.

"ಅಜ್ಜಿ, ಇದರ ಮೇಲೆ ಬರ್ದಿದೆಯಲ್ಲ, ನೋಡ್ಲಿಲ್ವಾ?" ಎಂದು ಕೇಳಿದೆ.

"ನಂಗೆಲ್ಲಿ ಓದಕ್ ಬರ್ತದೆ ತಾಯಿ. ಕೆಂಪು ಇದ್ರೆ ಹಚ್ಚೋದು, ಇಲ್ದಿದ್ರೆ ಕುಡಿಯೋದು. ಇಪ್ಪತ್ತ್ ವರ್ಷದಿಂದ ಹಂಗೇ ನಡ್ಕಂಡ್ ಬಂದೈತೆ. ಯಾವನವನು ಕೆಂಪು ತೆಗ್ದೋನು?"

ಯಜಮಾನರು ನನ್ನ ಕಡೆ ನೋಡಲಿಲ್ಲ. ಅದೇ ಹೆಚ್ಚು ನೋವಾಯಿತು.

ಆರೂವರೆಯ ಹೊತ್ತಿಗೆ ಬಸವನಗುಡಿ, ಹನುಮಂತನಗರ ಎಲ್ಲ ಮುಗಿಸಿದ್ದೆವು. ಎಂಟರಲ್ಲಿ ಏಳು ಮನೆ ಸಿಕ್ಕಿದ್ದವು. ಮೂರು ತಪ್ಪು ಬಾಟಲಿ ಕೈಗೆ ಬಂದಿದ್ದವು. ಹಾಗಾದರೆ ನಾಲ್ಕನೆಯದು ಎಂಟನೆಯವರ ಹತ್ತಿರವೇ ಇರಬೇಕು. ಅನುಮಾನಕ್ಕೆ ಜಾಗವಿಲ್ಲ. ಆದರೆ ಎಂಟನೆಯವರು ಯಾರು?

"ಮಲ್ಲೇಶ್ವರದ ಕಡೆಯವರು. ನನ್ನಷ್ಟೇ ವಯಸ್ಸು. ಮೂರು ತಿಂಗಳಿಗೊಂದ್ ಸಲ ಬಂದು ಹಿಪ್ಪಲಿ, ಹರಳೆಣ್ಣೆ ತಗೊಂಡ್ ಹೋಗ್ತಾರೆ. ಅಷ್ಟೇ ಗೊತ್ತು."

"ಫೋನ್ ನಂಬರ್?"

"ಅವರು ಫೋನ್ ಇಟ್ಕೊಂಡಿದ್ದನ್ನೇ ನೋಡಿಲ್ಲಮ್ಮ."

ರಸ್ತೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಬೆಳಗಿನ ವಿಡಿಯೋ ತೆರೆದೆ. ಬಾಟಲಿಗಳ ಅಂದ ತೋರಿಸಲು ನಾಲ್ಕು ಗಂಟೆಯ ಕಾಲ ತುಂಡು ತುಂಡಾಗಿ ಚಿತ್ರೀಕರಿಸಿದ್ದೆ. ಗಿರಾಕಿಗಳ ಮುಖ ಬೇಡವೆಂದು ಬರೀ ಕೈಗಳನ್ನು ಹಿಡಿದಿದ್ದೆ. ಹದಿನೇಳನೆಯ ತುಂಡಿನಲ್ಲಿ ಒಂದು ಮುಪ್ಪಿನ ಕೈ ಹಿಪ್ಪಲಿ ಪೊಟ್ಟಣವನ್ನೂ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿತ್ತು. ಮದುವೆಯಲ್ಲಿ ಕೊಡುವ ತಾಂಬೂಲದ ಚೀಲ ಅದು. ಮೇಲೊಂದು ಗಣಪತಿ, ಕೆಳಗೆ ಹುಡುಗ ಹುಡುಗಿಯ ಹೆಸರು. ಮಡಿಕೆಯಲ್ಲಿ ಹುಡುಗಿಯ ಹೆಸರು ಅರ್ಧ ಮುಚ್ಚಿತ್ತು.

ನನ್ನ ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿನ ಅಣ್ಣ ಮಾಮೂಲ್‌ಪೇಟೆಯಲ್ಲಿ ತಾಂಬೂಲದ ಚೀಲಗಳನ್ನೂ ಮಾಡುತ್ತಾರೆ. ಯಾರ ಕೆಲಸ ಎಂದಾದರೂ ಹೇಳಿಯಾರು ಎಂದು ಅಲ್ಲಿಗೆ ಓಡಿದೆವು. ಅವರು ಫೋನನ್ನು ಹತ್ತಿರ ಹಿಡಿದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ನಂದೇ ಕೆಲಸ. ಸೊಂಡ್ಲು ನೋಡು, ನಡುವೆ ಒಂದ್ ಚುಕ್ಕೆ ಬಿಟ್ಟಿದೆ. ಅಚ್ಚು ಹಾಕೋ ಆ ಸ್ಕ್ರೀನ್ ಹಾಳಾಗಿದೆ, ಬದಲಾಯ್ಸ್‌ಬೇಕು ಬದಲಾಯ್ಸ್‌ಬೇಕು ಅಂತ ವರ್ಷ ಕಳೀತು." ಹಳೇ ಆರ್ಡರ್ ಹಾಳೆಗಳನ್ನು ಮಗುಚಲು ಶುರು ಮಾಡಿ, ನನ್ನ ಮುಖ ನೋಡಿದರು. "ನಾನ್ ಅವತ್ತೇ ಹೇಳ್ಲಿಲ್ವಾ, ಅಕ್ಷರ ಕಾಣಲ್ಲ, ಕಪ್ಪು ಹಾಕು ಅಂತ? ಮಿನಿಮಲ್ಲು ಮಿನಿಮಲ್ಲು ಅಂತ ಕುಣಿದೆ."

"ಅಣ್ಣಾ, ಆಮೇಲೆ ಬೈಯಿ."

"ಬೈತಾ ಇಲ್ಲ. ಇದನ್ನ ನೋಡು." ಸ್ವೀಟ್ ಡಬ್ಬಿಗೆ ಸುತ್ತುವ ಹಳದಿ ಜಿಲೇಟಿನ್ ಹಾಳೆಯನ್ನು ಎರಡು ಮಡಿಕೆ ಮಾಡಿ ನನ್ನ ಕಣ್ಣಿಗೆ ಅಡ್ಡ ಹಿಡಿದರು. "ನಮ್ಮಪ್ಪಂಗೆ ಪೊರೆ ಆಪರೇಷನ್ ಆಯ್ತಲ್ಲ, ಮನೆಗ್ ಬಂದ್ ತಕ್ಷಣ, ಗೋಡೆಗೆ ಯಾವಾಗ್ ಬಿಳಿ ಬಣ್ಣ ಹೊಡಿಸಿದ್ರಿ ಅಂದ್ರು. ಗೋಡೆ ಮೊದ್ಲಿಂದ್ಲೂ ಬಿಳಿನೇ. ಅಷ್ಟ್ ದಿನ ಅವರಿಗೆ ಹಳದಿ ಕಾಣ್ತಿತ್ತು."

ನಾವು ತಂದು ಮೇಜಿನ ಮೇಲಿಟ್ಟಿದ್ದ ಹಸಿರು, ನೀಲಿ ಬಾಟಲಿಗಳನ್ನು ಹಾಳೆಯ ಹಿಂದಿನಿಂದ ನೋಡಿದೆ. ಎರಡೂ ತಿಳಿಹಸಿರು. ಎಡಕ್ಕೆ ಯಾವುದಿತ್ತು, ಬಲಕ್ಕೆ ಯಾವುದಿತ್ತು ಎಂಬುದೂ ತಪ್ಪಿಹೋಯಿತು. ಆ ಎರಡು ಬಣ್ಣಗಳ ನಡುವೆ ನಾನು ಇಟ್ಟಿದ್ದ ವ್ಯತ್ಯಾಸ ಹಳದಿಯೊಂದೇ. ವಯಸ್ಸಾದ ಕಣ್ಣು ಎಲ್ಲದಕ್ಕೂ ತಾನೇ ಹಳದಿ ಬೆರೆಸಿಕೊಳ್ಳುತ್ತದೆ. ಎಷ್ಟು ವಿಡಿಯೋ ನೋಡಿದ್ದೆ, ಒಂದರಲ್ಲೂ ಇದನ್ನು ಕೇಳಿರಲಿಲ್ಲ. ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ. ಎಣ್ಣೆ ಕೊಳ್ಳುವವರ ವಯಸ್ಸೆಷ್ಟು ಎಂಬುದು ನನ್ನ ಕಣ್ಣೆದುರಿಗೇ ಇತ್ತು.

ಆರ್ಡರ್ ಹಾಳೆ ಸಿಕ್ಕಿತು. ಅದರಲ್ಲಿ ಹುಡುಗಿಯ ತಂದೆಯ ನಂಬರ್ ಇತ್ತು. ಫೋನ್ ಮಾಡಿ ವಿಷಯ ಹೇಳಿದೆ. ಅವರು ಒಳ್ಳೆಯವರು.

"ಆ ಚೀಲ ಆರ್ನೂರು ಜನಕ್ಕೆ ಕೊಟ್ಟಿದೀವಿ ಕಣಮ್ಮ. ಗಂಡಿನ ಕಡೆಯವರು ಮಲ್ಲೇಶ್ವರದವರು, ಅದ್ರಲ್ಲಿ ಯಾರೋ ಇರಬಹುದು. ಎರಡೂ ಮನೆ ವಾಟ್ಸಾಪ್ ಗ್ರೂಪ್ ಇದೆ, ಹಾಕ್ತೀನಿ. ಏನಂತ ಹಾಕ್ಲಿ, ಬರೆದು ಕಳ್ಸು."

ನಾನು ಬರೆದೆ. ಬಾಟಲಿಯ ಫೋಟೋ, ಅಂಗಡಿಯ ಹೆಸರು, ಕುಡಿಯಬೇಡಿ, ಲೇಬಲ್ ಮಾಡಿದವಳು ನಾನು, ತಪ್ಪು ನನ್ನದು, ಕೊನೆಗೆ ನನ್ನ ಫೋನ್ ನಂಬರ್. ಯಜಮಾನರು ಓದಿಸಿ ಕೇಳಿದರು.

"ಅಂಗಡಿ ಹೆಸರು ಬೇಡ."

"ಹೆಸರಿಲ್ದಿದ್ರೆ ಯಾವ ಬಾಟ್ಲಿ ಅಂತ ಹೇಗ್ ಗೊತ್ತಾಗತ್ತೆ ಯಜಮಾನ್ರೇ?"

"ನಮ್ ತಾತನ ಕಾಲದ ಅಂಗಡಿ. ನಾಳೆ ಇಡೀ ಬೆಂಗ್ಳೂರು ನೋಡತ್ತೆ ಅದನ್ನ."

ಪ್ರೆಸ್ಸಿನ ಅಣ್ಣ ಮಧ್ಯೆ ಬಾಯಿ ಹಾಕಿದರು. "ಹೆಸರು ಹಾಕಿದ್ರೂ ಯಾರೂ ನಂಬಲ್ಲ ಬಿಡಿ. ಇಂಥಾ ಮೆಸೇಜ್ ದಿನಕ್ ಹತ್ತು ಬರ್ತವೆ. ಅದನ್ನ ತಿನ್ಬೇಡಿ, ಇದನ್ನ ಕುಡೀಬೇಡಿ. ಫಾರ್ವರ್ಡ್ ಅಂದ್ಕೊಂಡು ಮುಂದಕ್ ತಳ್ತಾರೆ."

ಅವರು ಹೇಳಿದ್ದು ನಿಜ. ನಾನಾದರೂ ಹಾಗೇ ಮಾಡುತ್ತಿದ್ದೆ. ಆಮೇಲೆ ಯಜಮಾನರು ನನ್ನ ಕಡೆ ಕೈಚಾಚಿದರು.

"ಕೊಡಮ್ಮ ಫೋನು. ಮಾತಾಡಿದ್ದು ಹೋಗತ್ತಲ್ಲ, ಅದನ್ನ ಒತ್ತಿ ಕೊಡು."

ಒತ್ತಿ ಹಿಡಿದುಕೊಂಡೆ. ಅವರು ಅಂಗಡಿಯ ಹೆಸರು ಹೇಳಿದರು, ತಮ್ಮ ಹೆಸರು ಹೇಳಿದರು. "ಇವತ್ತು ಬೆಳಿಗ್ಗೆ ಹಿಪ್ಪಲಿ, ಹರಳೆಣ್ಣೆ ತಗೊಂಡ್ ಹೋದ್ರಲ್ಲ, ಹಸಿರು ಸ್ವೆಟರ್ ಹಾಕಿದ್ರಿ... ಹಸಿರೋ ನೀಲಿಯೋ, ನನಗೆ ಬಣ್ಣ ತಿಳಿಯಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಾನು ನಿಮಗೆ ತಪ್ಪು ಎಣ್ಣೆ ಕೊಟ್ಟಿದೀನಿ. ಅದ್ರಲ್ಲಿ ಕರ್ಪೂರ ಇದೆ. ದಯವಿಟ್ಟು ಕುಡೀಬೇಡಿ." ಅಷ್ಟೇ. ಬೆರಳು ತೆಗಿ ಎಂದು ಸನ್ನೆ ಮಾಡಿದರು.

ನನ್ನ ಬರಹ, ಅವರ ದನಿ ಎರಡೂ ಹೋದವು. ಒಂಬತ್ತು ಗಂಟೆಯವರೆಗೆ ಮಲ್ಲೇಶ್ವರದಿಂದ ಒಂದೇ ಒಂದು ಉತ್ತರವೂ ಬರಲಿಲ್ಲ. ಮನೆಗೆ ಹೋಗಿ ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಭಾನುವಾರ ಐದು ಮುಕ್ಕಾಲಿಗೆ ಅದು ಹೊಡೆದುಕೊಂಡಿತು. ಹೆಣ್ಣು ದನಿ, ಏದುಸಿರು. "ನಿಮ್ ಮೆಸೇಜ್ ಈಗ್ ಕೇಳಿಸ್ಕೊಂಡೆ. ನಮ್ ತಂದೆ ಅದು. ಕಾಫೀಲಿ ಎರಡು ಚಮಚ ಹಾಕ್ಕೊಂಡು ಕುಡಿದಾರೆ. ಅರ್ಧ ಲೋಟ ಉಳಿದಿದೆ, ಗಂಟಲು ಉರೀತಿದೆ ಅಂತಿದಾರೆ."

"ವಾಸನೆ ಬರ್ಲಿಲ್ವಾ ಅವರಿಗೆ?" ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಈಗಲೂ ನಾಚಿಕೆಯಾಗುತ್ತದೆ.

"ಅವರಿಗೆ ವಾಸನೆ ತಿಳಿಯೋದು ನಿಂತು ಮೂರು ವರ್ಷ ಆಯ್ತು."

ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಹೊರಟಿದ್ದೇವೆ ಎಂದರು. ಯಜಮಾನರನ್ನು ಎಬ್ಬಿಸಿ ಸ್ಕೂಟರ್ ಹತ್ತಿಸಿದೆ. ಖಾಲಿ ರಸ್ತೆ. ಸಿಗ್ನಲ್‌ಗಳಲ್ಲಿ ನಿಂತೆನೋ ಇಲ್ಲವೋ ನೆನಪಿಲ್ಲ. ನಾವು ಹೋದಾಗ ಆ ಹಿರಿಯರನ್ನು ಹಾಸಿಗೆಯ ಮೇಲೆ ಮಲಗಿಸಿದ್ದರು. ಡ್ಯೂಟಿ ಡಾಕ್ಟರ್ ಕೈಯಲ್ಲಿ ನನ್ನ ಬಾಟಲಿ ಇತ್ತು. ಆ ಡಾಕ್ಟರ್ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

"ಇದ್ರಲ್ಲಿ ಏನೇನಿದೆ? ಎಷ್ಟೆಷ್ಟಿದೆ? ಹೆಸರು, ಎಲೆ ಚಿತ್ರ ಬಿಟ್ರೆ ಇದ್ರ ಮೇಲೆ ಏನೂ ಇಲ್ಲ."

"ಕ್ಯೂಆರ್ ಇದೆ ಡಾಕ್ಟ್ರೇ."

"ಮಾಡ್ದೆ. ನೋಡಿ." ಫೋನನ್ನು ನನ್ನ ಮುಖಕ್ಕೆ ಹಿಡಿದರು. ತಿಳಿಹಸಿರು ಪುಟ, ಮಧ್ಯದಲ್ಲಿ 'ಶೀಘ್ರದಲ್ಲೇ' ಎಂಬ ಒಂದೇ ಪದ. ಆ ಪುಟವನ್ನು ಮುಂದಿನ ವಾರ ತುಂಬಿಸಿದರಾಯಿತು ಎಂದುಕೊಂಡಿದ್ದೆ.

ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನಾ ಡಿಸೈನರ್ರು? ತುಂಬಾ ಚೆನ್ನಾಗಿದೆ. ಶೋಕೇಸಲ್ಲಿ ಇಡಬೇಕಿತ್ತು."

ಯಜಮಾನರು ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಒಂದು ಸೇರು ಎಣ್ಣೆಗೆ ಏನೇನು, ಎಷ್ಟು ತೊಲ ಎಂದು ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಹೇಳಿದರು. ತೊಲ, ಸೇರು ಎಲ್ಲವನ್ನೂ ಗ್ರಾಂ, ಮಿಲಿಲೀಟರಿಗೆ ತಿರುಗಿಸಿ ನಾನು ಬರೆದುಕೊಟ್ಟೆ. ತಪ್ಪಾಗಬಾರದೆಂದು ಎರಡೆರಡು ಸಲ ಮಾಡಿದೆ. ಕರ್ಪೂರದ ಅಳತೆ ಬಂದಾಗ ಡಾಕ್ಟರ್ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದರು.

"ವಾಂತಿ ಮಾಡ್ಸೋಕೆ ಹೋಗ್ಬೇಡಿ ಯಾರೂ. ಇದರಿಂದ ಫಿಟ್ಸ್ ಬರೋ ಚಾನ್ಸ್ ಇದೆ. ಮಧ್ಯಾಹ್ನದ ತನಕ ಕಣ್ಣಿಟ್ಟು ನೋಡ್ಬೇಕು. ಬರ್ಲಿಲ್ಲ ಅಂದ್ರೆ ಬಚಾವ್."

ಆರು ಗಂಟೆ ಕಾಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲ ಗಾಜಿನಿಂದ ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಎಂಟೂವರೆಗೆ ಒಮ್ಮೆ ಅವು ಅದುರಿದವು. ಮಗಳು ಚೀರಿದರು, ನರ್ಸ್ ಓಡಿದರು. ಚಳಿಯ ನಡುಕ ಅಷ್ಟೇ ಎಂದು ಇನ್ನೊಂದು ಕಂಬಳಿ ಹೊದಿಸಿದರು. ಅಲ್ಲಿಂದ ಮುಂದೆ ನಾನು ಆ ಪಾದಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಹತ್ತು ಗಂಟೆಗೆ ಯಜಮಾನರು ಮಗನಿಗೆ ಫೋನ್ ಮಾಡಿಸಿ, ಎಲ್ಲಿದ್ದೇನೆ, ಯಾಕೆ ಎಂದು ಹೇಳಿದರು. ಕಣ್ಣಿನ ವಿಷಯವನ್ನೂ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಬೈಗುಳ ಕೇಳಿಸುತ್ತಿತ್ತು. "ಹೂಂ, ಹೂಂ" ಎಂದು ಕೇಳಿಸಿಕೊಂಡರು.

ಮಧ್ಯಾಹ್ನ ಹನ್ನೆರಡೂವರೆಗೆ ಡಾಕ್ಟರ್ ಹೊರಗೆ ಬಂದು, ಅಪಾಯ ಇಲ್ಲ, ಸಂಜೆ ಮನೆಗೆ ಹೋಗಬಹುದು ಎಂದರು. ಯಜಮಾನರು ಬೆಂಚಿನಲ್ಲೇ ತಲೆ ಬಗ್ಗಿಸಿ ಕೂತುಬಿಟ್ಟರು. ನಾನು ಒಳಗೆ ಹೋದೆ. ಹಿರಿಯರು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಬಾಟಲಿ ಪಕ್ಕದ ಮೇಜಿನ ಮೇಲಿತ್ತು. ನಾನು ಯಾರೆಂದು ಹೇಳಿ, ತಪ್ಪಾಯಿತು ಎಂದೆ.

"ಓ, ನೀನೇನಮ್ಮಾ ಮಾಡಿದ್ದು?" ಅವರು ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಒಳ್ಳೇ ಬಣ್ಣ. ತಿಳಿಹಸಿರು."

"ತಾತ, ಅದು ನೀಲಿ" ಎಂದರು ಡ್ರಿಪ್ ಬಿಚ್ಚುತ್ತಿದ್ದ ನರ್ಸ್.

"ಯಾವ ನೀಲಿ? ಇಷ್ಟ್ ಚಂದ ಕಾಣ್ತಿದೆ ಹಸಿರು." ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯೇ ಇತ್ತು. "ಮೊದಲ್ನೇ ಗುಟುಕಿಗೇ ಗಂಟಲು ಉರೀತು ಕಣಮ್ಮ. ಏನೋ ಎಡವಟ್ಟಾಗಿದೆ ಅನ್ಸ್ತು. ತಿರುಗಿಸಿ ಬಾಟ್ಲಿ ನೋಡ್ದೆ. ಇಷ್ಟ್ ತಂಪಾಗಿದೆ, ಇದ್ರಲ್ಲಿ ಕೆಟ್ಟದ್ದೇನಿರತ್ತೆ ಅಂದ್ಕೊಂಡು ಇನ್ನೆರಡು ಗುಟುಕು ಕುಡ್ದೆ."

ನಾನು ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡೆ.